ಜಪಾನಿನ ಮಕ್ಕಳೂ ಕೆಂಗೇರಿ ಅಜ್ಜಿಯೂ

ಕೆಲವರದು ಗಿಡ ನೆಟ್ಟರೆ ಚಿಗುರುವ ಕೈ, ಕೆಲವರದು ಉಪ್ಪು ಹಾಕಿದರೆ ಹದ ತಪ್ಪದ ಕೈ. ನನ್ನದು ಫಜೀತಿಯ ಕೈ. ವಿಜಯನಗರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿಕೊಂಡಿದ್ದವಳು ನಾನು. ಪಾಠ ಹೇಳುವಾಗ ಏನೂ ಆಗುವುದಿಲ್ಲ, ಮಕ್ಕಳು ನಿದ್ದೆ ಮಾಡುತ್ತಾರೆ, ಅಷ್ಟೆ. ಆದರೆ ಯಾರನ್ನಾದರೂ ಕಟ್ಟಿಕೊಂಡು ಕಾಲೇಜಿನ ಗೇಟು ದಾಟಿದೆನೋ, ಸಂಜೆ ಮನೆ ಸೇರುವಷ್ಟರಲ್ಲಿ ಒಂದು ಕಥೆ ಆಗಿಯೇ ಇರುತ್ತದೆ. ನಮ್ಮ ಮನೆಯವರು ಬಾಗಿಲು ತೆಗೆಯುತ್ತಲೇ "ಇವತ್ತೇನಾಯ್ತು?" ಎಂದು ಕೇಳುತ್ತಾರೆ. "ಏನಾದ್ರೂ ಆಯ್ತಾ?" ಎಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಈಗ ಹೇಳಹೊರಟಿರುವುದು ಜಪಾನಿನ ಮಕ್ಕಳನ್ನು ಊರು ತೋರಿಸಲು ಕರೆದುಕೊಂಡು ಹೋದ ದಿನದ್ದು. ಮೊಬೈಲಿನಲ್ಲಿ ಹಾವು ಓಡಿಸುವ ಆಟ ಬಿಟ್ಟರೆ ಬೇರೆ ಆಟವಿಲ್ಲದ ಕಾಲ. ಮೆಟ್ರೋ ಇನ್ನೂ ಪೇಪರಿನಲ್ಲಷ್ಟೇ ಓಡುತ್ತಿತ್ತು.

೧. ಹೋಗದ ಮೀಟಿಂಗು

ಕಾಲೇಜುಗಳಲ್ಲಿ ಒಂದು ನಿಯಮವಿದೆ, ಯಾರೂ ಬರೆದಿಟ್ಟಿಲ್ಲ. ಮೀಟಿಂಗಿಗೆ ಬರದವರನ್ನೇ ಕಮಿಟಿಗೆ ಹಾಕುವುದು. ಆ ದಿನ ನನಗೆ ಹಲ್ಲುನೋವು. ಮಾರನೆಯ ದಿನ ಊದಿದ ಕೆನ್ನೆ ಹೊತ್ತುಕೊಂಡು ಹೋದರೆ ಪ್ರಿನ್ಸಿಪಾಲರು ಎದ್ದು ನಿಂತು ಅಭಿನಂದಿಸಿದರು. ಜಪಾನಿನ ಒಂದು ಕಾಲೇಜಿನಿಂದ ಎಂಟು ಮಕ್ಕಳು, ಜೊತೆಗೊಬ್ಬ ಮೇಷ್ಟರು, ಒಂದು ತಿಂಗಳ ಮಟ್ಟಿಗೆ ಬರುತ್ತಾರೆ, ನಮ್ಮ ಹಾಸ್ಟೆಲಿನಲ್ಲೇ ಇರುತ್ತಾರೆ, ಒಂದು ಶನಿವಾರ ಅವರನ್ನು ಹೊರಗೆ ಸುತ್ತಾಡಿಸುವ ಜವಾಬ್ದಾರಿಗೆ ಎಲ್ಲರೂ ಒಮ್ಮತದಿಂದ ನನ್ನ ಹೆಸರು ಹೇಳಿದರು ಎಂದರು. ಬೇಡ ಎನ್ನೋಣವೆಂದರೆ ಬಾಯಿ ತೆರೆಯಲು ಬರುವ ಹಾಗಿರಲಿಲ್ಲ.

ಅವರು ಇಲ್ಲಿಗೆ ಬಂದು ಹೋದ ಮೇಲೆ, ಬೇಸಿಗೆಯಲ್ಲಿ ನಮ್ಮಿಂದ ಒಬ್ಬರು ಅಲ್ಲಿಗೆ ಹೋಗಬೇಕು, ಅದು ಬದಲಿ ಒಪ್ಪಂದ. ಹಾಗೆ ಆಯ್ಕೆಯಾಗಿದ್ದವಳು ಕೊನೆಯ ವರ್ಷದ ಒಬ್ಬ ಹುಡುಗಿ. ಗದಗದ ಕಡೆಯ ಮನೆತನ. ಅಪ್ಪ ಕೆಂಗೇರಿ ಉಪನಗರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರು. ಆ ಹುಡುಗಿ ಚುರುಕು ಎಂದರೆ ಚುರುಕು, ಕ್ಲಾಸಿನಲ್ಲಿ ಎಚ್ಚರವಾಗಿ ಕೂರುತ್ತಿದ್ದ ಕೆಲವೇ ಮಕ್ಕಳಲ್ಲಿ ಒಬ್ಬಳು, ಆ ಕಾರಣಕ್ಕೇ ನನಗೆ ಅವಳ ಮೇಲೆ ಪಕ್ಷಪಾತ. ಜಪಾನಿಗೆ ಹೋಗುವ ಆಸೆ ಅವಳ ಮುಖದಲ್ಲೇ ಕುಣಿಯುತ್ತಿತ್ತು. ಅಪ್ಪ ಅಮ್ಮ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಅಜ್ಜಿ ಒಂದೇ ಪಟ್ಟು ಹಿಡಿದಿದ್ದರು.

"ಗುರ್ತಿಲ್ಲದ ಮಂದಿ ಮನಿಗೆ ಹೆಣ್ಣಮಗೀನ ಹೆಂಗ ಕಳಸೂದು? ಮೊದ್ಲ ಅವರನ್ನ ನಮ್ಮನಿಗೆ ಊಟಕ್ಕ ಕರಕೊಂಡ ಬರ್ರಿ. ನಾ ಕಣ್ಣಿಲೆ ನೋಡಿ ಹೇಳ್ತೀನಿ."

ಹೀಗಾಗಿ ಶನಿವಾರದ ಮಧ್ಯಾಹ್ನದ ಊಟ ಅವರ ಮನೆಯಲ್ಲಿ ಎಂದು ನಿಶ್ಚಯವಾಯಿತು. ಹಿಂದಿನ ದಿನ ಹುಡುಗಿ ಸ್ಟಾಫ್ ರೂಮಿಗೆ ಬಂದು ನನ್ನ ಹತ್ತಿರ ಪಿಸುದನಿಯಲ್ಲಿ ಬೇಡಿಕೊಂಡಳು. ಬಂದವರು ಉಂಡ ಹೊರತು ಅಜ್ಜಿ ಒಂದು ತುತ್ತೂ ಮುಟ್ಟುವುದಿಲ್ಲವಂತೆ, ಹಸಿದರೆ ಅಜ್ಜಿಗೆ ದೇವರ ಮೇಲೂ ಸಿಟ್ಟು ಬರುತ್ತದಂತೆ, ದಯವಿಟ್ಟು ಹನ್ನೆರಡೂವರೆಗೆ ಸರಿಯಾಗಿ ತಲುಪಬೇಕಂತೆ.

"ಲೇಟ್ ಮಾಡ್ಬೇಡಿ ಮೇಡಂ. ಅಜ್ಜಿ ಮನಸ್ಸಿಗೆ ಬರ್ಲಿಲ್ಲ ಅಂದ್ರೆ ನನ್ನ ಜಪಾನು ಕೆಂಗೇರೀಲೇ ಮುಗೀತು."

೨. ನಿಂಬೆಹಣ್ಣಿನ ಪ್ರಾಣರಕ್ಷಣೆ

ಶನಿವಾರ ಬೆಳಿಗ್ಗೆ ನಾನು ಹೋಗುವ ಮೊದಲೇ ಆ ಮಕ್ಕಳು ತಯಾರಾಗಿ ಗೇಟಿನ ಬಳಿ ನಿಂತಿದ್ದರು. ಹೇಳಿದ ಹೊತ್ತಿಗೆ ಬರುವ ವಿದ್ಯಾರ್ಥಿಗಳನ್ನು ನನ್ನ ಸರ್ವಿಸಿನಲ್ಲಿ ಅದೇ ಮೊದಲು ನೋಡಿದ್ದು. ಖುಷಿಯಾಗುವ ಬದಲು ಗಾಬರಿಯಾಗಿ ವಾಚು ನೋಡಿಕೊಂಡೆ.

ನಮ್ಮ ಕಾಲೇಜು ವ್ಯಾನಿನ ಡ್ರೈವರ್ ಬಹಳ ಶಾಸ್ತ್ರದ ಮನುಷ್ಯ. ವ್ಯಾನು ಕಾಲೇಜಿನ ಕೆಲಸ ಬಿಟ್ಟು ಬೇರೆಲ್ಲಿಗೆ ಹೊರಟರೂ ಸರಿ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿಕೊಂಡೇ ಹೊರಡಬೇಕು. ಅವತ್ತೂ ಇಟ್ಟರು. ಗಂಧದಕಡ್ಡಿ ಹಚ್ಚಿ ಸ್ಟೀರಿಂಗಿಗೆ ಮೂರು ಸುತ್ತು ಸುತ್ತಿಸಿದರು.

ಮಕ್ಕಳಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗನಿದ್ದ. ಅವನ ಕಣ್ಣಿಗೆ ಮುಂದಿನ ಚಕ್ರದ ಕೆಳಗಿದ್ದ ನಿಂಬೆಹಣ್ಣು ಬಿತ್ತು. ಪಾಪ, ಯಾರದೋ ಚೀಲದಿಂದ ಉರುಳಿ ಬಂದಿದೆ ಎಂದುಕೊಂಡ. ಬಗ್ಗಿ ತೆಗೆದು, ಕರ್ಚೀಫಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿ ಡ್ರೈವರಿಗೆ ಕೊಟ್ಟ. ಡ್ರೈವರಿಗೆ ಅದು ಭಕ್ತಿಯಂತೆ ಕಂಡಿತು. ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಮತ್ತೆ ಚಕ್ರದಡಿ ಇಟ್ಟು ಹೋಗಿ ಸೀಟಿನಲ್ಲಿ ಕೂತರು. ಹುಡುಗ ನೋಡಿದರೆ ಹಣ್ಣು ಮತ್ತೆ ಅಲ್ಲೇ. ಈ ಸಲ ಅವನು ನೆಲಕ್ಕೆ ಮೊಣಕಾಲೂರಿ ವ್ಯಾನಿನ ಸುತ್ತ ಹೋಗಿ ನಾಲ್ಕನ್ನೂ ಆರಿಸಿಕೊಂಡು ಬಂದು, ಎದೆಗವಚಿಕೊಂಡು ವ್ಯಾನು ಹತ್ತಿದ.

ವ್ಯಾನು ಹೊರಟಿತು. ಪಚಕ್ ಎಂದು ಶಬ್ದ ಬರಬೇಕಿತ್ತು, ಬರಲಿಲ್ಲ. ಡ್ರೈವರ್ ನಿಲ್ಲಿಸಿ ಇಳಿದು ಚಕ್ರ ನೋಡಿದರು, ನೆಲ ನೋಡಿದರು, ಆಮೇಲೆ ಒಳಗೆ ಹುಡುಗನ ಮಡಿಲು ನೋಡಿದರು. ಮತ್ತೆ ಇಟ್ಟರಾಯಿತಲ್ಲ ಎಂದು ನಾನು ಹೇಳಿದೆ. ಗಾಡಿ ಒಮ್ಮೆ ಉರುಳಿದ ಮೇಲೆ ಇಟ್ಟರೆ ಲೆಕ್ಕಕ್ಕಿಲ್ಲವಂತೆ.

ಹುಡುಗನ ಪರವಾಗಿ ಅವರ ಮೇಷ್ಟರು ನಿಧಾನವಾದ ಇಂಗ್ಲಿಷಿನಲ್ಲಿ ನನಗೆ ವಿವರಿಸಿದರು. ಹಣ್ಣು ಡ್ರೈವರಿಗೆ ಗೊತ್ತಾಗದೆ ಮತ್ತೆ ಉರುಳಿ ಬಿದ್ದಿರಬೇಕು, ಸುಮ್ಮನೆ ಹಾಳಾಗುತ್ತದೆ ಎಂದು ಅವನಿಗೆ ಸಂಕಟವಾಯಿತಂತೆ. ನನಗೆ ನಿಜವಾಗಿ ಮನಸ್ಸು ತುಂಬಿ ಬಂತು. ಯಾರದೋ ಊರಿನ ರಸ್ತೆಯಲ್ಲಿ ಒಂದು ನಿಂಬೆಹಣ್ಣಿಗಾಗಿ ಮೊಣಕಾಲೂರುವ ಮಗು. ಇದನ್ನೇ ಡ್ರೈವರಿಗೆ ಕನ್ನಡದಲ್ಲಿ ಹೇಳಿ, ಮೂಢನಂಬಿಕೆಯ ಬಗ್ಗೆಯೂ ಸಣ್ಣದೊಂದು ಭಾಷಣ ಸೇರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹುಡ್ಗ ಚಿನ್ನದಂಥವ್ನು ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಇವತ್ತು ಗಾಡಿ ಹೋಗೋದು ನನ್ ಜವಾಬ್ದಾರಿ, ಬರೋದು ನಿಮ್ದು."

೩. ಚಪ್ಪಲಿ ಜೋಡಿ

ಮೊದಲು ಬಸವೇಶ್ವರನಗರದ ಒಂದು ಆಂಜನೇಯನ ಗುಡಿಗೆ ಹೋದೆವು. ಶನಿವಾರವಾದ್ದರಿಂದ ಜನ ಕಿಕ್ಕಿರಿದಿದ್ದರು.

ಗುಡಿಯ ಹೊರಗೆ ಚಪ್ಪಲಿ ಬಿಡುವ ವಿದ್ಯೆ ನಿಮಗೆ ಗೊತ್ತಿರಬಹುದು. ಜೋಡಿಯಾಗಿ ಬಿಡಬಾರದು. ಎಡಗಾಲಿನದನ್ನು ಅರಳಿಕಟ್ಟೆಯ ಹಿಂದೆ ಬಿಟ್ಟರೆ ಬಲಗಾಲಿನದನ್ನು ಎಳನೀರಿನ ಗಾಡಿಯ ಪಕ್ಕ ಬಿಡಬೇಕು. ಕಳ್ಳ ಒಂದನ್ನು ನೋಡಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ನಮ್ಮ ಮಂಗಳಾರತಿ ಮುಗಿದಿರುತ್ತದೆ. ನಾನೂ ಹಾಗೆಯೇ ಬಿಟ್ಟು, ಮೇಷ್ಟರಿಗೆ ಗುಡಿಯ ಇತಿಹಾಸ ಹೇಳುತ್ತ ಒಳಗೆ ಹೋದೆ.

ಮಕ್ಕಳಲ್ಲಿ ಎತ್ತರದ ಒಬ್ಬ ಹುಡುಗಿ ಇದ್ದಳು. ಮನೆಗೆ ದಾರಿ ತೋರಿಸಲು ಅವತ್ತು ಜೊತೆಗಿದ್ದ ನಮ್ಮ ಕೆಂಗೇರಿ ಹುಡುಗಿಗೂ ಅವಳಿಗೂ ಬಂದ ದಿನದಿಂದ ಗಳಸ್ಯ ಕಂಠಸ್ಯ. ಅವಳು ಬೇಗ ದರ್ಶನ ಮುಗಿಸಿ ಹೊರಗೆ ಬಂದಳು. ಬಂದು ನೋಡಿದರೆ ಒಂದು ಚಪ್ಪಲಿ ಇಲ್ಲಿ, ಒಂದು ಅಲ್ಲಿ. ನಾಯಿಗಳು ಎಳೆದಾಡಿವೆ ಎಂದುಕೊಂಡಳು. ಬಾಯಿಯಲ್ಲಿ ಹೇಳಿ ಕೂರುವ ಜಾತಿಯಲ್ಲ. ಇನ್ನಿಬ್ಬರನ್ನು ಸೇರಿಸಿಕೊಂಡು ಕಟ್ಟೆಯ ಹಿಂದೆ, ಗಾಡಿಯ ಕೆಳಗೆ, ಕಾರಿನ ಮರೆಯಲ್ಲಿ, ಎಲ್ಲೆಲ್ಲಿದ್ದವೋ ಅಲ್ಲೆಲ್ಲ ಹುಡುಕಿ, ಜೋಡಿಗೆ ಜೋಡಿ ಕೂಡಿಸಿ, ಗೋಡೆಯುದ್ದಕ್ಕೆ ಸಾಲಾಗಿ, ಮೂತಿ ಬೀದಿ ಕಡೆಗೆ ಮಾಡಿ ಇಟ್ಟಳು. ಹಾಕಿಕೊಳ್ಳುವವರು ತಿರುಗುವ ಕಷ್ಟವೂ ಇರಬಾರದು, ಹಾಗೆ. ಅವರ ಊರಲ್ಲಿ ಮನೆ ಬಾಗಿಲಿನಲ್ಲೂ ಹಾಗೆಯೇ ಇಡುವುದಂತೆ.

ಮಂಗಳಾರತಿ ಮುಗಿದು ಜನ ಹೊರಗೆ ಬಂದರು. ಯಾರೂ ಸಾಲಿನ ಕಡೆ ನೋಡಲಿಲ್ಲ. ಪ್ರತಿಯೊಬ್ಬರೂ ಗುಟ್ಟಾಗಿ ತಮ್ಮ ತಮ್ಮ ಎಡಗಾಲಿನ ಜಾಗಕ್ಕೆ ಹೋದರು. ಇಲ್ಲ. ಬಲಗಾಲಿನ ಜಾಗಕ್ಕೆ ಹೋದರು. ಅಲ್ಲೂ ಇಲ್ಲ. ಕಟ್ಟೆಯ ಹಿಂದೆ ಐದಾರು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಬ್ಬರು ಸಫಾರಿ ಸೂಟಿನವರು ಕಾರಿನ ಕೆಳಗೆ ಅರ್ಧ ತೂರಿದ್ದರು. ಇಡೀ ಏರಿಯಾದ ಚಪ್ಪಲಿ ಹೊತ್ತುಕೊಂಡು ಹೋಗಿದ್ದಾರೆ, ಪೊಲೀಸಿಗೆ ಫೋನ್ ಮಾಡಿ ಎಂದು ಯಾರೋ ಕೂಗುವಷ್ಟರಲ್ಲಿ, ಅಂಗಡಿಯಲ್ಲಿಟ್ಟ ಹಾಗೆ ಮಿಂಚುತ್ತಿದ್ದ ಆ ಸಾಲು ಎಲ್ಲರ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಎತ್ತರದ ಹುಡುಗಿ ಕೈಕಟ್ಟಿ ವಿನಯವಾಗಿ ನಿಂತಿದ್ದಳು. ಒಬ್ಬೊಬ್ಬರಾಗಿ ಬಂದು, ಕದ್ದು ಸಿಕ್ಕಿಬಿದ್ದವರ ಹಾಗೆ ಕಾಲು ತೂರಿಸಿ ಹೊರಟರು. ನಾನೂ ಹಾಗೆಯೇ ಮಾಡಿದೆ. ಒಬ್ಬ ವಯಸ್ಸಾದ ಹೆಂಗಸು ಮಾತ್ರ, ಬಗ್ಗದೆ ಹುಡುಕದೆ ಚಪ್ಪಲಿ ಸಿಕ್ಕಿದ್ದು ಇದೇ ಮೊದಲು ಎಂದು ಹುಡುಗಿಯ ಕೆನ್ನೆ ನೇವರಿಸಿ ಹೋದರು.

ಗದ್ದಲ ಕೇಳಿ ಅರ್ಚಕರೂ ಹೊರಗೆ ಬಂದಿದ್ದರು. ವಿಷಯ ತಿಳಿದು, ಆ ಉದ್ದದ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ದೇವರ ಮೇಲೆ ನಂಬಿಕೆ ಇಟ್ಟು ಬಂದೋರು ಎಷ್ಟು ಜನ ಅಂತ ಇವತ್ತು ಗೊತ್ತಾಯ್ತು ಬಿಡಿ."

೪. ಏನ್ ಕೊಡ್ತಾ ಇದಾರೆ?

ಗುಡಿಯಿಂದ ಬಂದರೆ ವ್ಯಾನು ಸ್ಟಾರ್ಟ್ ಆಗಲಿಲ್ಲ. ಡ್ರೈವರ್ ಬಾನೆಟ್ ತೆಗೆದು ನೋಡಿ, ಇದು ಗಂಟೆಗಟ್ಟಲೆ ಕೆಲಸ, ಮೆಕ್ಯಾನಿಕ್ ಬರಬೇಕು ಎಂದರು. ಬಾಯಲ್ಲಿ ಅಯ್ಯೋ ಎನ್ನುತ್ತಿದ್ದರೂ ಕಣ್ಣಲ್ಲಿ ಹಬ್ಬ. ನಿಂಬೆಹಣ್ಣಿನ ಹೆಸರನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಿಪೇರಿಯಾದ ಮೇಲೆ ನೇರ ಕೆಂಗೇರಿಗೆ ಬನ್ನಿ ಎಂದು ಹೇಳಿ, ಮಕ್ಕಳನ್ನು ಕರೆದುಕೊಂಡು ಬಸ್ ಸ್ಟಾಪಿಗೆ ನಡೆದೆ. ನಮ್ಮ ಹುಡುಗಿ ನಡೆಯುತ್ತಲೇ ವಾಚು ನೋಡುತ್ತಿದ್ದಳು.

ಬಸ್ಸಿಗೆ ಕಾಯುವ ನಮ್ಮ ರೀತಿ ಬೇರೆ. ಯಾರು ಮೊದಲು ಬಂದರು ಎಂದು ದೇವರಿಗೂ ತಿಳಿಯದ ಹಾಗೆ ಚೆದುರಿ ನಿಂತಿರುತ್ತೇವೆ, ಬಸ್ಸು ಕಂಡ ಕೂಡಲೇ ಒಂದಾಗುತ್ತೇವೆ. ಈ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತರು. ಮೊದಲ ಬಸ್ಸು ಬಂತು. ಇಳಿಯುವವರು ಇಳಿಯಲಿ ಎಂದು ಇವರು ದಾರಿ ಬಿಟ್ಟರು. ಆ ದಾರಿಯಲ್ಲಿ ಇಡೀ ಸ್ಟಾಪು ನುಗ್ಗಿ ಹತ್ತಿತು, ಬಸ್ಸು ಹೋಯಿತು. ಎರಡನೆಯದೂ ಹಾಗೆಯೇ ಹೋಯಿತು. ನಾನು ಕೈಹಿಡಿದು ಎಳೆದರೆ ಎಳೆದಷ್ಟು ದೂರ ಬಂದು, ಬಿಟ್ಟ ಕೂಡಲೇ ಮತ್ತೆ ಸಾಲಿಗೆ ಹೋಗುತ್ತಿದ್ದರು.

ಅಷ್ಟರಲ್ಲಿ ದಾರಿಹೋಕರೊಬ್ಬರು ತರಕಾರಿ ಚೀಲ ಹಿಡಿದು ಬಂದರು. ನಮ್ಮ ಜನಕ್ಕೆ ಸಾಲು ಕಂಡರೆ ಒಂದೇ ಅರ್ಥ. ಕೊನೆಯಲ್ಲಿ ನಿಂತಿದ್ದ ಕನ್ನಡಕದ ಹುಡುಗನನ್ನು ಏನ್ ಕೊಡ್ತಾ ಇದಾರೆ ಎಂದು ಕೇಳಿದರು. ಅವನಿಗೆ ಏನು ತಿಳಿಯಬೇಕು, ನಕ್ಕು ತಲೆ ಬಾಗಿಸಿದ. ಅಲ್ಲಿಗೆ ಅವರಿಗೆ ಖಾತ್ರಿಯಾಯಿತು, ಅವನ ಹಿಂದೆ ನಿಂತರು. ಅವರನ್ನು ನೋಡಿ ಇಬ್ಬರು ಹೆಂಗಸರು ನಿಂತರು. ಒಬ್ಬಾಕೆ ಮಗಳಿಗೆ ಫೋನ್ ಮಾಡಿ ರೇಷನ್ ಕಾರ್ಡು ತರಲು ಹೇಳಿದರು. ಸಾಲು ಬೇಕರಿ ದಾಟಿ ಮೂಲೆ ತಿರುಗಿತು. ಮೂಲೆಯಾಚೆ ನಿಂತವರ ಪೈಕಿ ಕೆಲವರು ಗ್ಯಾಸ್ ಕನೆಕ್ಷನ್ ಎಂದರು, ಕೆಲವರು ಜಪಾನಿನವರು ಪುಕ್ಕಟೆಯಾಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಾರೆ ಎಂದರು. ಹಾಗಲ್ಲ, ಇದು ಬಸ್ಸಿನ ಸಾಲು ಎಂದು ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಕೊಡುವುದನ್ನೆಲ್ಲ ನಾನೊಬ್ಬಳೇ ಹೊಡೆದುಕೊಳ್ಳಲು ನೋಡುತ್ತಿದ್ದೇನೆ ಎಂದು ಒಬ್ಬರು ಸಿಡುಕಿದರು.

ಮೂರನೆಯ ಬಸ್ಸು ಬಂತು. ಇಷ್ಟುದ್ದದ ಸಾಲನ್ನು ತಪ್ಪಿಸಿ ನುಗ್ಗಲು ಅವತ್ತು ಯಾರಿಗೂ ಧೈರ್ಯವಾಗಲಿಲ್ಲ. ಒಬ್ಬರ ಹಿಂದೆ ಒಬ್ಬರು ಸದ್ದಿಲ್ಲದೆ ಹತ್ತಿದರು. ಹೆಂಗಸರು ಮುಂದೆ, ಗಂಡಸರು ಹಿಂದೆ, ಯಾರ ಕಾಲನ್ನೂ ಯಾರೂ ತುಳಿಯಲಿಲ್ಲ. ಕಂಡಕ್ಟರ್ ಬಾಗಿಲಲ್ಲೇ ಬೆರಗಾಗಿ ನಿಂತಿದ್ದರು. ಎಂಟು ಮಕ್ಕಳು ಒಂದು ಮಾತೂ ಆಡದೆ ಸುಮ್ಮನೆ ನಿಂತು ನಮ್ಮ ಊರನ್ನು ಇಷ್ಟು ಬದಲಾಯಿಸಿದರಲ್ಲ ಎಂದು ನನಗೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಆಯಿತು.

ತರಕಾರಿ ಚೀಲದವರೂ ಹತ್ತಿದ್ದರು. ಬಸ್ಸು ಹೊರಟ ಮೇಲೆ ಕಂಡಕ್ಟರನ್ನು ಮೆಲ್ಲಗೆ ಕೇಳಿದರು, ಕೊಡುವುದು ಇಲ್ಲೇಯೋ ಮುಂದೆಯೋ ಎಂದು.

"ಇಲ್ಲೇ ಕೊಡ್ತೀನಿ ಸಾರ್, ಟಿಕೆಟ್ಟು. ಎಲ್ಲಿಗೆ?"

೫. ಎಷ್ಟು ಬಗ್ಗಬೇಕು

ವಿಜಯನಗರದಲ್ಲಿ ಬಸ್ಸು ಬದಲಿಸಿ, ಮೈಸೂರು ರಸ್ತೆ ಹಿಡಿದು, ಕೆಂಗೇರಿ ಉಪನಗರ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಮನೆಯ ಬಾಗಿಲಲ್ಲಿ ನಮ್ಮ ಹುಡುಗಿಯ ತಾಯಿ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಕೊಟ್ಟು, "ಇನ್ನೂ ಉಂಡಿಲ್ರಿ" ಎಂದು ಅಜ್ಜಿಯ ಕಡೆ ಕಣ್ಸನ್ನೆ ಮಾಡಿದರು. ಮಕ್ಕಳು ಕಾಲು ತೊಳೆದು, ತಮ್ಮ ಶೂಗಳ ಜೊತೆ ಆ ಮನೆಯವರ ಚಪ್ಪಲಿಗಳನ್ನೂ ಜೋಡಿಸಿ ಬೀದಿಗೆ ಮೂತಿ ಮಾಡಿಟ್ಟು ಒಳಗೆ ಬಂದರು.

ಅಜ್ಜಿ ನಡುಮನೆಯ ಮಂಚದ ಮೇಲೆ ಕೂತಿದ್ದರು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಹಸಿದ ಮುಖ. ಎತ್ತರದ ಹುಡುಗಿ ಎಲ್ಲರಿಗಿಂತ ಮುಂದೆ ಬಂದು ಅವರ ಪದ್ಧತಿಯಂತೆ ಸೊಂಟ ಬಗ್ಗಿಸಿ ವಂದಿಸಿದಳು. ಅಜ್ಜಿ ಕಾಲು ಮುಂದಕ್ಕೆ ಚಾಚಿಕೊಂಡು ಕಾದರು. ಹುಡುಗಿ ಅರ್ಧಕ್ಕೇ ನಿಂತಳು. ನಾಚಿಕೊಳ್ಳುತ್ತಿದ್ದಾಳೆ ಎಂದುಕೊಂಡ ಅಜ್ಜಿ, ಇರಲಿ ಬಾ ಎನ್ನುವ ಹಾಗೆ ತಲೆ ಆಡಿಸಿದರು.

ಅವರ ದೇಶದಲ್ಲಿ ಹಿರಿಯರು ಎದುರು ತಲೆ ಬಾಗಿಸಿದರೆ ಕಿರಿಯರು ಅದಕ್ಕಿಂತ ಕೆಳಗೆ ಬಾಗಬೇಕು. ಹುಡುಗಿ ಇನ್ನೂ ಬಗ್ಗಿದಳು. ಅಜ್ಜಿಗೆ ಸಮಾಧಾನವಾಗಿ ಮತ್ತೊಮ್ಮೆ ತಲೆ ಆಡಿಸಿದರು. ಹುಡುಗಿ ಮತ್ತೂ ಬಗ್ಗಿದಳು. ಹಿಂದೆ ನಿಂತಿದ್ದ ಏಳು ಮಕ್ಕಳೂ ಮೇಷ್ಟರೂ ಅವಳ ಜೊತೆಜೊತೆಗೇ ಇಳಿಯುತ್ತಿದ್ದರು. ಬಗ್ಗಲು ಇನ್ನು ಜಾಗವಿಲ್ಲದೆ ಹುಡುಗಿ ಮೊಣಕಾಲೂರಿದಳು. ಅಜ್ಜಿ ಕೊನೆಯದಾಗಿ ಒಮ್ಮೆ ತಲೆ ಆಡಿಸಿದರು, ಅವಳ ಹಣೆ ಹೋಗಿ ಅಜ್ಜಿಯ ಪಾದಕ್ಕೆ ತಾಗಿತು. ನಡುಮನೆ ತುಂಬ ಜಪಾನು ಅಡ್ಡಬಿದ್ದಿತ್ತು.

ಅಜ್ಜಿಯ ಮುಖ ಸಡಿಲವಾಯಿತು. ತಲೆಯ ಮೇಲೆ ಕೈಯಿಟ್ಟು ನೂರು ವರ್ಷ ಬಾಳವ್ವ ಎಂದು ಹರಸಿದರು. ಆಮೇಲೆ ಮಗನ ಕಡೆ ತಿರುಗಿ, ನಿನ್ನ ಮಕ್ಕಳು ದೀಪಾವಳಿಗೂ ನನ್ನ ಮೊಣಕಾಲು ಮುಟ್ಟಿ ಓಡಿಹೋಗುತ್ತವೆ ಎಂದು ಮಾತಿನಲ್ಲೇ ಒಂದು ಕೊಟ್ಟರು. ಇದೇ ಸಮಯವೆಂದು ನಮ್ಮ ಹುಡುಗಿಯೂ ಧಡಾರನೆ ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಅವಳ ತಲೆಯ ಮೇಲೂ ಕೈಯಿಟ್ಟರು.

"ನೀ ಇವತ್ತ್ಯಾಕ ಬಿದ್ದೀ ಅನ್ನೂದು ನನಗ ಗೊತ್ತೈತಿ. ಏಳು."

೬. ಮೇಷ್ಟರ ತಟ್ಟೆ

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹೂರಣದ ಹೋಳಿಗೆ, ಅದರ ಮೇಲೆ ತುಪ್ಪ. ಮಕ್ಕಳು ನಮ್ಮ ಹುಡುಗಿಯನ್ನು ನೋಡಿಕೊಂಡು ರೊಟ್ಟಿ ಮುರಿಯುವುದನ್ನು ಕ್ಷಣದಲ್ಲಿ ಕಲಿತರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಒಬ್ಬರೂ ತಟ್ಟೆಯಲ್ಲಿ ಚೂರು ಬಿಡಲಿಲ್ಲ. ಅಜ್ಜಿ ಖುದ್ದಾಗಿ ಬಡಿಸಲು ನಿಂತಿದ್ದರು.

ಅಜ್ಜಿಯ ಕಣ್ಣು ಮೇಷ್ಟರ ಮೇಲೆ ಬಿತ್ತು. ಅವರು ಕಡ್ಡಿಯಂಥ ಮನುಷ್ಯ, ತಲೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಮಕ್ಕಳನ್ನು ಮೇಯಿಸುವವರು ಹೀಗಿದ್ದರೆ ಹೇಗೆ ಎಂದು ಅಜ್ಜಿ ಒಂದು ಹೋಳಿಗೆ ಹಿಡಿದು ಬಂದರು. ಮೇಷ್ಟರು ಬೇಡವೆಂದು ಕೈ ಆಡಿಸಿದರು. ಅಜ್ಜಿ ಮತ್ತೆ ಹೇಳಿದರು. ಅವರು ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಅಜ್ಜಿ ಮೂರನೆಯ ಸಲ, ನನ್ನ ಸಲುವಾಗಿ ಒಂದು ಎಂದರು. ಮೇಷ್ಟರು ತಲೆ ಬಾಗಿಸಿ ತಟ್ಟೆ ಒಡ್ಡಿದರು.

ಬಸ್ಸಿನಲ್ಲಿ ಬರುವಾಗ ಅವರೇ ನನಗೆ ಹೇಳಿದ್ದರು. ಅವರ ಕಡೆ ಹಿರಿಯರು ಏನಾದರೂ ಕೊಟ್ಟರೆ ಆಸೆಬುರುಕರ ಹಾಗೆ ಮೊದಲನೆಯ ಸಲಕ್ಕೇ ಕೈ ಚಾಚಬಾರದಂತೆ. ಎರಡು ಸಲ ಬೇಡವೆನ್ನಬೇಕು. ಮೂರನೆಯ ಸಲವೂ ಬೇಡವೆಂದರೆ ಕೊಡುವವರಿಗೆ ಅವಮಾನ, ತೆಗೆದುಕೊಳ್ಳಲೇಬೇಕು. ಈ ಕಡೆ ಅಜ್ಜಿಯ ಮನೆತನದಲ್ಲಿ ಮೂರು ಸಲ ಒತ್ತಾಯ ಮಾಡದಿದ್ದರೆ ಅದು ಬಡಿಸಿದ್ದೇ ಅಲ್ಲ. ಎರಡನೆಯ ಬೇಡಕ್ಕೇ ವಾಪಸು ಹೋದವರನ್ನು ಜಿಪುಣರೆಂದು ಊರು ಆಡಿಕೊಳ್ಳುತ್ತದೆ.

ಹೀಗಾಗಿ ಇಬ್ಬರೂ ಶಾಸ್ತ್ರ ಬಿಡಲಿಲ್ಲ. ತಟ್ಟೆ ಖಾಲಿಯಾಗುವುದು, ಅಜ್ಜಿ ಬರುವುದು, ಎರಡು ಬೇಡ, ಮೂರನೆಯದಕ್ಕೆ ತಟ್ಟೆ ಮುಂದೆ. ನಾನು ದೂರದಿಂದ ಮೇಷ್ಟರಿಗೆ ಸನ್ನೆ ಮಾಡಿದೆ. ಅವರು ಬೆವರು ಒರೆಸಿಕೊಂಡು ನನಗೂ ತಲೆ ಬಾಗಿಸಿದರು. ಅಜ್ಜಿಗೆ ಹೇಳಹೋದರೆ, ಉಣ್ಣುವವರ ಬಾಯಿಗೆ ಅಡ್ಡ ಬರಬೇಡ್ರಿ ಎಂದು ಗದರಿದರು. ಒಂದು ಸಲವೂ ಆ ಮನುಷ್ಯ ಮುಖ ಸಿಂಡರಿಸಲಿಲ್ಲ. ಅಂಥ ಸೌಜನ್ಯವನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೊನೆಗೆ ಹೋಳಿಗೆಯೇ ಮುಗಿದುಹೋಗಿ ಅವರು ಬದುಕಿಕೊಂಡರು. ಏಳಲು ಇಬ್ಬರು ಮಕ್ಕಳು ಕೈ ಕೊಡಬೇಕಾಯಿತು.

ಎರಡು ದೇಶಗಳ ಸಂಸ್ಕೃತಿ ಎಲ್ಲಿ ಒಂದಾಗುತ್ತದೆ ಎಂದು ಸೆಮಿನಾರುಗಳಲ್ಲಿ ಈಗಲೂ ಕೇಳುತ್ತಾರೆ. ಆ ಮೇಷ್ಟರ ಹೊಟ್ಟೆಯಲ್ಲಿ ಎಂದು ಹೇಳುವ ಆಸೆಯಾಗುತ್ತದೆ.

೭. ಬದಲಿ ಅಂದ್ರ ಬದಲಿ

ಅಜ್ಜಿಯೂ ಉಂಡರು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಮಂಚದ ಮೇಲೆ ಕೂತರು. ಅಪ್ಪ ಬಾಗಿಲ ಬಳಿ, ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ, ನಮ್ಮ ಹುಡುಗಿ ಎತ್ತರದ ಹುಡುಗಿಯ ಕೈ ಹಿಡಿದುಕೊಂಡು ಮೂಲೆಯಲ್ಲಿ. ಅಜ್ಜಿ ಅವಸರ ಮಾಡಲಿಲ್ಲ, ಎಲೆ ಪೂರ್ತಿ ಅಗಿದರು.

"ಮಂದಿ ಚಲೋ ಅದಾರ. ಹುಡುಗಿ ಹೋಗ್ಲಿ."

ನಮ್ಮ ಹುಡುಗಿ ಅಳತೊಡಗಿದಳು. ಅವಳನ್ನು ನೋಡಿ ಎತ್ತರದ ಹುಡುಗಿಯೂ ಕಾರಣ ತಿಳಿಯದೆ ಅತ್ತಳು. ನಾನು ಕನ್ನಡಕ ಒರೆಸಿಕೊಂಡೆ. ಆದರೆ ಅಜ್ಜಿಯ ಮಾತು ಮುಗಿದಿರಲಿಲ್ಲ. ಎತ್ತರದ ಹುಡುಗಿಯ ಕಡೆ ಬೆರಳು ತೋರಿಸಿದರು.

"ಈಕಿ ಇಲ್ಲೇ ಇರ್ಲಿ. ಬದಲಿ ಅಂದ್ರ ಬದಲಿ."

ಹಾಗಂದ್ರೆ ಎಂದೆ. ಅಜ್ಜಿ ಬಿಡಿಸಿ ಹೇಳಿದರು. ಅವರ ಕಡೆ ಈ ಮನೆಯ ಹೆಣ್ಣು ಆ ಮನೆಗೆ ಕೊಟ್ಟು, ಆ ಮನೆಯ ಹೆಣ್ಣು ಈ ಮನೆಗೆ ತಂದುಕೊಳ್ಳುವ ಪದ್ಧತಿಯಿತ್ತಂತೆ. ಅಜ್ಜಿಯ ಮದುವೆಯೂ ಹಾಗೆಯೇ ಆದದ್ದು, ಅಜ್ಜಿಯ ಗಂಡನ ತಂಗಿಯೇ ಅಜ್ಜಿಯ ಅಣ್ಣನ ಹೆಂಡತಿ. ನಮ್ಮವಳು ಅಲ್ಲಿದ್ದಾಳೆ ಎನ್ನುವ ನೆನಪಿನಲ್ಲಿ ಇಲ್ಲಿದ್ದವಳನ್ನು ಅಂಗೈಯಲ್ಲಿ ನೋಡಿಕೊಳ್ಳುತ್ತಿದ್ದರಂತೆ. ಕಾಲೇಜಿನವರೇ ಬದಲಿ ಎಂದಿದ್ದೀರಿ, ಈ ಹುಡುಗಿ ಹಾಸ್ಟೆಲಿನಲ್ಲಿದ್ದರೆ ಅದೆಂಥ ಬದಲಿ, ಉಳಿದ ದಿನ ನಮ್ಮ ಮನೆಯಲ್ಲಿ ಮೊಮ್ಮಗಳ ಹಾಗೆ ಇರಲಿ ಎನ್ನುವುದು ಅವರ ವಾದ.

ಮೇಷ್ಟರಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಕೃತಜ್ಞತೆ ಹೇಳಿ, ಕಾಲೇಜಿನ ನಿಯಮವಿದೆ, ಆಗುವುದಿಲ್ಲ ಎಂದರು. ಅಜ್ಜಿ ಮತ್ತೆ ಕೇಳಿದರು. ಮೇಷ್ಟರು ಎದೆಯ ಮೇಲೆ ಕೈಯಿಟ್ಟು ಆಗುವುದಿಲ್ಲ ಎಂದರು. ಆಗ ನನಗೆ ಮುಂದಾಗುವುದು ಹೊಳೆಯಿತು, ಆದರೆ ತಡೆಯುವಷ್ಟು ಹೊತ್ತಿರಲಿಲ್ಲ. ಅಜ್ಜಿ ಮೂರನೆಯ ಸಲ, ನನ್ನ ಸಲುವಾಗಿ ಎಂದರು. ಮೇಷ್ಟರ ತಲೆ ತಾನಾಗಿಯೇ ಬಾಗಿತು.

ಹುಡುಗಿಯರಿಬ್ಬರೂ ಕುಣಿದಾಡಿದರು. ನಾನು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಅವರು, ಎಂಟು ಜನರನ್ನು ಕರೆದುಕೊಂಡು ಹೋಗಿ ಏಳು ಜನರನ್ನು ವಾಪಸ್ ತರುವ ಔಟಿಂಗನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದರು. ಎರಡೂ ಕಡೆಯ ಹಿರಿಯರು ಒಪ್ಪಿದ್ದಾರೆ ಎಂದೆ. ಮದುವೆ ಮಾತಿನ ಹಾಗೆ ಕೇಳಿಸಿರಬೇಕು, ಅವರೂ ಒಪ್ಪಿದರು.

ಸಂಜೆ ವ್ಯಾನು ರಿಪೇರಿಯಾಗಿ ಬಂತು. ಕನ್ನಡಕದ ಹುಡುಗನಿಗೆ ಅಷ್ಟರಲ್ಲಿ ಯಾರೋ ವಿಷಯ ಬಿಡಿಸಿ ಹೇಳಿದ್ದರು. ಅವನು ಬ್ಯಾಗಿನಿಂದ ಆ ನಾಲ್ಕು ನಿಂಬೆಹಣ್ಣು ತೆಗೆದು, ಒಂದೊಂದನ್ನೂ ಒರೆಸಿ, ಪ್ರತಿ ಚಕ್ರದ ಸರಿಯಾಗಿ ನಡುವಿಗೆ ಇಟ್ಟು, ಹಿಂದೆ ಸರಿದು ಡ್ರೈವರಿಗೆ ತಲೆ ಬಾಗಿಸಿದ. ಡ್ರೈವರೂ ಅವನಷ್ಟೇ ಬಗ್ಗಿದರು. ಪಚಕ್ ಎಂದು ಶಬ್ದ ಬಂತು. ವ್ಯಾನು ಕೆಮ್ಮದೆ ಸೀನದೆ ಕಾಲೇಜು ಮುಟ್ಟಿತು. ಮನೆಗೆ ಬಂದಾಗ ನಮ್ಮವರು ಬಾಗಿಲು ತೆಗೆದು, ಇವತ್ತೇನಾಯ್ತು ಎಂದರು. ಒಂದು ಹುಡುಗಿ ಕಮ್ಮಿಯಾಯಿತು ಎಂದೆ.

ಬೇಸಿಗೆಯಲ್ಲಿ ನಮ್ಮ ಹುಡುಗಿ ಜಪಾನಿಗೆ ಹೋದಳು, ಎತ್ತರದ ಹುಡುಗಿಯ ಮನೆಯಲ್ಲೇ ಉಳಿದಳು. ಹೊರಡುವ ಮೊದಲು ನಾನು ಅವಳಿಗೆ ಬುದ್ಧಿ ಹೇಳಿದ್ದೆ, ಯಾರು ಏನು ಕೊಟ್ಟರೂ ಎರಡು ಸಲ ಬೇಡ ಅನ್ನು, ಮೂರನೆಯ ಸಲ ಒಪ್ಪಿಕೋ ಎಂದು. ವಾಪಸ್ ಬರುವ ವಾರ ಆ ಮೇಷ್ಟರಿಂದ ಫೋನ್ ಬಂತು. ಹುಡುಗಿ ಸುಖವಾಗಿದ್ದಾಳೆ, ಆದರೆ ಬರುವುದು ತಡವಾಗುತ್ತದೆ. ಆ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರಂತೆ. ಇನ್ನೊಂದು ತಿಂಗಳು ಇದ್ದು ಹೋಗು ಎಂದು ಆ ಅಜ್ಜಿ ಮೂರು ಸಲ ಕೇಳಿದರಂತೆ.

ಇದನ್ನು ಕೆಂಗೇರಿಗೆ ಹೋಗಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಬೈಗುಳಕ್ಕೆ ತಯಾರಾಗಿ ಹೋದೆ. ಅಜ್ಜಿ ಪೂರ್ತಿ ಕೇಳಿ, ಮಂಚ ಅಲುಗಾಡುವ ಹಾಗೆ ನಕ್ಕರು. ಅಲ್ಲೂ ತನ್ನಂಥವಳೇ ಒಬ್ಬಳು ಇದ್ದಾಳೆಂದು ಅವರಿಗೆ ಹಿಡಿಸಲಾರದಷ್ಟು ಸಂತೋಷ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಹಂಗಾದ್ರ ಅವರ ಹುಡುಗಿನ್ನ ಮತ್ತ ತಿಂಗಳಮಟ್ಟಿಗೆ ಕಳಸ್ಲಿ ಅನ್ರಿ. ಬದಲಿ ಅಂದ್ರ ಬದಲಿ."

ಆಗಲ್ಲ ಅಜ್ಜಿ ಎಂದೆ. ಅಜ್ಜಿ ಇನ್ನೊಮ್ಮೆ ಕೇಳಿದರು. ಇಲ್ಲ ಅಜ್ಜಿ, ಆಗಲ್ಲ ಎಂದೆ. ಅವರು ಮೂರನೆಯ ಸಲ ಬಾಯಿ ತೆರೆಯುವುದರೊಳಗೆ ಬಾಗಿಲು ದಾಟಿದ್ದೆ. ಆ ಮನೆಯಲ್ಲಿ ಈಗ ಬಂದವರ ಚಪ್ಪಲಿಯನ್ನೆಲ್ಲ ಜೋಡಿ ಮಾಡಿ, ಬೀದಿಗೆ ಮೂತಿ ತಿರುಗಿಸಿ ಇಡುತ್ತಾರೆ. ಓಡಿಹೋಗಲು ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.